ಹದಿನೈದು ದಿನ ಮುಚ್ಚಿಡಿ

"ಹಚ್ಚಿದ ಎರಡೇ ನಿಮಿಷದಲ್ಲಿ ನಿನ್ನ ಕ್ಲಿನಿಕ್ಕಿನ ಮೂಲೆಮೂಲೆಯೂ ಘಮಘಮ ಅನ್ನಬೇಕು. ಅಂಥ ಮೇಣದಬತ್ತಿ ಮಾಡಿ ಕೊಡದಿದ್ದರೆ ನನ್ನ ಹೆಸರು ಬದಲಿಸು!" ಎಂದು ಒಂದು ಭಾನುವಾರ ಬೆಳಿಗ್ಗೆ ನಾನು ಘೋಷಿಸಿಬಿಟ್ಟೆ.

"ಹೆಸರು ಹಾಗೇ ಇರಲಿ. ಹಲ್ಲು ಕೊಡಿ," ಎಂದಳು ನನ್ನ ಹೆಂಡತಿ.

ನನ್ನ ಹೆಂಡತಿ ದಂತವೈದ್ಯೆ. ಅರ್ಧ ಊರು ಅವಳೆದುರು ಬಾಯಿ ಬಿಟ್ಟಿದೆ. ಬಿಡದಿರುವವನು ನಾನೊಬ್ಬನೇ. ಬೇರೆ ಹೊತ್ತಿನಲ್ಲಿ ಮುಚ್ಚದ ನನ್ನ ಬಾಯಿ, ಅವಳು ಟಾರ್ಚು ಹಿಡಿದ ಕೂಡಲೇ ಬೀಗ ಜಡಿದುಕೊಳ್ಳುತ್ತದೆ. ಬಲಗಡೆ ಕೆಳದವಡೆಯ ಕೊನೆಯ ಬುದ್ಧಿಹಲ್ಲು ನಾಲ್ಕು ವರ್ಷಗಳಿಂದ ಹುಳುಕಾಗಿ ಕೂತಿದೆ. "ಅದನ್ನ ಕಿತ್ತರೆ ಇರೋ ಬುದ್ಧಿಯೂ ಹೋಗುತ್ತೆ" ಎಂದರೆ, "ಇಲ್ಲದ್ದು ಹೇಗ್ರೀ ಹೋಗುತ್ತೆ?" ಎನ್ನುತ್ತಾಳೆ. ನನ್ನ ಧೈರ್ಯ ಎಂಥದ್ದೆಂದರೆ, ಹದಿನಾರು ವರ್ಷಗಳಲ್ಲಿ ನಾನು ಅವಳ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿಲ್ಲ. ಗೇಟಿನ ಹತ್ತಿರ ಅವಳನ್ನು ಇಳಿಸಿ, ಸ್ಕೂಟರ್ ತಿರುಗಿಸಿ ಪರಾರಿ!

ಅವತ್ತು ಮಾತು ಬಂದದ್ದು ಹೀಗೆ. ಕ್ಲಿನಿಕ್ಕಿನಲ್ಲಿ ರೋಗಿಗಳು ಕಾಯುವ ಕೋಣೆಗೆ ಹದಿನೈದು ದಿನದಲ್ಲಿ ಹೊಸ ಕುರ್ಚಿಗಳು ಬರುವುದಿತ್ತು. "ಕುರ್ಚಿ ಬಂದು ಏನು ಪ್ರಯೋಜನ? ಬಾಗಿಲಲ್ಲೇ ಆ ಹಲ್ಲಿನ ಆಸ್ಪತ್ರೆ ವಾಸನೆ ಮೂಗಿಗೆ ಬಡಿದ ಕೂಡಲೇ ಅರ್ಧ ಜನ ‘ನೋವು ಕಮ್ಮಿ ಆಯ್ತು’ ಅಂತ ವಾಪಸ್ ಹೋಗ್ತಾರೆ. ಮೊನ್ನೆ ಆರಡಿ ಎತ್ತರದ ಲಾರಿ ಡ್ರೈವರ್ ಚಪ್ಪಲಿ ಬಿಟ್ಟು ಓಡಿದ," ಎಂದು ಅವಳು ಗೋಳಾಡಿದಳು. ನಾನು ವೀರಾವೇಶದಿಂದ ಎದ್ದೆ. ಪಂದ್ಯ ಕುದುರಿತು. ಹದಿನೈದು ದಿನದೊಳಗೆ ನನ್ನ ಮೇಣದಬತ್ತಿ ಆ ವಾಸನೆಯನ್ನು ಓಡಿಸಿದರೆ ಅವಳು ಜನ್ಮದಲ್ಲಿ ನನ್ನ ಹಲ್ಲಿನ ಸುದ್ದಿ ಎತ್ತಬಾರದು. ಓಡಿಸದಿದ್ದರೆ ನಾನು ಅವಳ ಕುರ್ಚಿಯಲ್ಲಿ ಮಲಗಬೇಕು.

ನನ್ನ ಇನ್ನೊಂದು ಗುಣವನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಕಾಯಲು ಬರುವುದಿಲ್ಲ. ಲಿಫ್ಟಿನ ಗುಂಡಿಯನ್ನು ಏಳು ಸಲ ಒತ್ತದಿದ್ದರೆ ಸಮಾಧಾನವಿಲ್ಲ. ಒಲೆಯ ಮೇಲಿಟ್ಟ ನೀರು ಕುದಿಯುವ ಮುನ್ನ ನಾಲ್ಕು ಸಲ ಮುಚ್ಚಳ ತೆಗೆದು ಇಣುಕುತ್ತೇನೆ. ಹೊಟ್ಟೆಪಾಡಿಗೆ ಮಾತ್ರ ಕಚೇರಿಯ ವಿಚಾರಣೆ ಕೌಂಟರಿನಲ್ಲಿ ಕೂತು ದಿನವಿಡೀ ಜನರಿಗೆ "ತಾಳ್ಮೆಯಿಂದ ಕಾಯಿರಿ" ಎಂದು ಉಪದೇಶ ಮಾಡುತ್ತೇನೆ!

ಮೇಣ, ಬತ್ತಿ, ನಿಂಬೆಹುಲ್ಲಿನ ಸುಗಂಧದ ಎಣ್ಣೆ ಎಲ್ಲ ತಂದಾಯಿತು. ಏಳನೇ ತರಗತಿಯ ಮಗಳು ಮೇಣದ ಜೊತೆ ಬಂದ ಚೀಟಿಯನ್ನು ಓದಲು ಕುಳಿತಳು.

"ಅಪ್ಪ, ಮೇಣ ಕರಗಿದ ಮೇಲೆ ಒಲೆಯಿಂದ ಇಳಿಸ್ಬೇಕಂತೆ. ಸ್ವಲ್ಪ ಆರಿದ ಮೇಲೆ ಎಣ್ಣೆ ಹಾಕ್ಬೇಕಂತೆ. ಕುದಿಯೋವಾಗ ಹಾಕಿದ್ರೆ ಪರಿಮಳ ಎಲ್ಲ ಹಾರಿಹೋಗುತ್ತಂತೆ."

ಅವಳ ಕಣ್ಗಾವಲಿನಲ್ಲಿ ಎಲ್ಲವೂ ಚೀಟಿಯ ಪ್ರಕಾರವೇ ನಡೆಯಿತು. ಆರು ಗಾಜಿನ ಲೋಟಗಳು ತುಂಬಿದವು.

"ಕೊನೇದು. ಹದಿನೈದು ದಿನ ಮುಚ್ಚಿಡಿ. ಪರಿಮಳ ಮೇಣದಲ್ಲಿ ಚೆನ್ನಾಗಿ ಕೂಡೋಕೆ ಅಷ್ಟು ದಿನ ಬೇಕಂತೆ."

"ಅದು ಸೋಮಾರಿಗಳಿಗೆ ಬರೆದಿದ್ದು ಪುಟ್ಟಿ!"

ಅವಳು ನನ್ನನ್ನೊಮ್ಮೆ ನೋಡಿದಳು. ಆರರಲ್ಲಿ ಒಂದು ಲೋಟ ಎತ್ತಿಕೊಂಡು ಮುಚ್ಚಳ ಹಾಕಿದಳು. "ಪ್ರಯೋಗ ಮಾಡೋವಾಗ ಒಂದನ್ನ ಮುಟ್ಟದೆ ಇಡ್ಬೇಕು ಅಂತ ನಮ್ಮ ಸೈನ್ಸ್ ಮಿಸ್ ಹೇಳಿದಾರೆ," ಎಂದು ಅದನ್ನು ತನ್ನ ಪುಸ್ತಕದ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಉಳಿದ ಐದು ನನ್ನ ಕೈಯಲ್ಲಿ ಸಿಕ್ಕಿಕೊಂಡವು.

ಸೋಮವಾರ ಬೆಳಿಗ್ಗೆ ಒಂದನ್ನು ಹಚ್ಚಿ ಮೂಸಿದೆ. ಏನೋ ಬಂದ ಹಾಗಿತ್ತು, ಬರದ ಹಾಗೂ ಇತ್ತು. ಸಂಜೆ ಐದನ್ನೂ ಪಾತ್ರೆಗೆ ಸುರಿದು, ಗಳಗಳ ಕುದಿಸಿ, ಎರಡು ಪಟ್ಟು ಎಣ್ಣೆ ಹೊಯ್ದೆ. ಪರಿಮಳ ಅಡುಗೆಮನೆ ತುಂಬಿತು, ಹಾಲ್ ತುಂಬಿತು, ಕಿಟಕಿಯಿಂದ ಇಳಿದು ಬೀದಿಗೂ ಹೋಯಿತು. ಮೇಣದಬತ್ತಿಯಲ್ಲಿ ಮಾತ್ರ ನಿಲ್ಲಲಿಲ್ಲ! ಬುಧವಾರ ಮೂರು ಪಟ್ಟು ಹಾಕಿದೆ. ಮೇಣದ ಮೈಮೇಲೆಲ್ಲ ಎಣ್ಣೆ ಬೆವರಿನಂತೆ ಹನಿಯಿತು. ಬತ್ತಿ ಚಟಪಟ ಎಂದು ಬೈದು ಆರಿಹೋಯಿತು. ಮತ್ತೆ ಕರಗಿಸಿದೆ. ಕಚೇರಿಗೆ ಹೊರಟವನು ಬಾಗಿಲಿಂದ ತಿರುಗಿ ಬಂದು ಮೂಸಿದೆ. ಊಟದ ನಡುವೆ ಎದ್ದು ಹೋಗಿ ಮೂಸಿದೆ.

"ರೀ, ಸಾಕು ನಿಲ್ಸಿ! ತಲೆದಿಂಬಿಗೂ ನಿಂಬೆಹುಲ್ಲು, ಕುಡಿಯೋ ಹಾಲಿಗೂ ನಿಂಬೆಹುಲ್ಲು!"

"ಸುಳ್ಳು ಹೇಳ್ಬೇಡ. ನನಗೇನೂ ವಾಸನೇನೇ ಬರ್ತಿಲ್ಲ."

"ನಿಮಗೆ ನಿಮ್ಮ ತಪ್ಪಿನ ವಾಸನೆಯೂ ಯಾವತ್ತೂ ಬಂದಿಲ್ಲ ಬಿಡಿ."

ಕೌಂಟರಿನ ಸಹೋದ್ಯೋಗಿ ತಮ್ಮ ಕುರ್ಚಿಯನ್ನು ಎರಡು ಅಡಿ ಆಚೆ ಎಳೆದುಕೊಂಡರು. "ನಿಮ್ಮ ಪಕ್ಕ ಕೂತು ನನ್ನ ನೆಗಡಿ ವಾಸಿ ಆಯ್ತು. ಈಗ ತಲೆನೋವು ಶುರುವಾಗಿದೆ," ಎಂದರು. ನನಗೆ ಗಾಬರಿಯಾಯಿತು. ಸುಗಂಧದ ಸೀಸೆಯನ್ನೇ ಮೂಗಿಗೆ ಹಿಡಿದೆ. ಊಹೂಂ! ಸೋಪು ಮೂಸಿದೆ, ಬೂಟು ಮೂಸಿದೆ. ಊಹೂಂ! ಐದು ದಿನ ಪುರುಸೊತ್ತಿಲ್ಲದೆ ದುಡಿಸಿದ್ದಕ್ಕೆ ನನ್ನ ಮೂಗು ಮುಷ್ಕರ ಹೂಡಿತ್ತು. ಇದರ ಮಧ್ಯೆ ಹಲ್ಲು ಬೇರೆ ಮಿಡಿಯಲು ಶುರುವಾಗಿ, ಕೂತರೆ ನಿಲ್ಲಬೇಕು, ನಿಂತರೆ ಕೂರಬೇಕು ಎನ್ನುವ ಹಾಗಾಯಿತು.

ಶುಕ್ರವಾರ ಸಂಜೆ. ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ಸ್ಕೂಟರಿನ ಕೀ ಹುಡುಕುತ್ತ ಅವಳ ಬ್ಯಾಗಿಗೆ ಕೈ ಹಾಕಿದೆ. ಚೀಟಿಯಿಲ್ಲದ ಒಂದು ಪುಟ್ಟ ಕಂದು ಸೀಸೆ ಸಿಕ್ಕಿತು. ಮುಚ್ಚಳ ತಿರುಗಿಸಿದೆ ನೋಡಿ, ಸತ್ತಂತೆ ಬಿದ್ದಿದ್ದ ಮೂಗು ಎದ್ದು ಕೂತಿತು! ಕಣ್ಣಲ್ಲಿ ನೀರು ಬಂತು. ಅದು ಘಾಟಿಗಷ್ಟೇ ಬಂದ ನೀರಲ್ಲ. ಅದು ನನ್ನ ಹೆಂಡತಿಯ ಪರಿಮಳ. ಸಂಜೆ ಅವಳು ಒಳಗೆ ಬಂದಾಗ ಅವಳ ಬೆರಳುಗಳಲ್ಲಿ, ಕೂದಲಲ್ಲಿ ಇರುವ ಅದೇ ಪರಿಮಳ. ಹದಿನಾರು ವರ್ಷಗಳಿಂದ, ಅವಳು ಕರೆಗಂಟೆ ಒತ್ತುವ ಮೊದಲೇ ಬಾಗಿಲ ಸಂದಿಯಿಂದ ಇದು ಒಳಗೆ ಬಂದರೆ ನನ್ನ ಜೀವಕ್ಕೆ ಹಾಯೆನಿಸುತ್ತದೆ. ಓಹೋ, ಕಳ್ಳಿ ಇಷ್ಟು ದಿನ ಬಚ್ಚಿಟ್ಟು ಹಚ್ಚಿಕೊಳ್ಳುವ ಸೆಂಟು ಇದೇ ಏನು! ಇದಕ್ಕಿಂತ ಒಳ್ಳೆಯ ಸುವಾಸನೆ ಲೋಕದಲ್ಲಿ ಎಲ್ಲಿದೆ? ಮೇಣವನ್ನು ಇನ್ನೊಮ್ಮೆ ಕರಗಿಸಿ, ಇಡೀ ಸೀಸೆಯನ್ನು ಐದು ಲೋಟಗಳಿಗೆ ಹಂಚಿಬಿಟ್ಟೆ. ಅವಳು ಸ್ನಾನ ಮುಗಿಸಿ ಬಂದಳು, ಲೋಟಗಳ ಪಕ್ಕದಲ್ಲೇ ತಲೆ ಒರೆಸಿಕೊಳ್ಳುತ್ತ ಹಾದುಹೋದಳು. ತನ್ನ ವಾಸನೆ ತನಗೆಲ್ಲಿ ಗೊತ್ತಾಗಬೇಕು!

ಶನಿವಾರಕ್ಕೆ ಇನ್ನೂ ಆರನೇ ದಿನ. ಗಡುವಿಗೆ ಒಂಬತ್ತು ದಿನ ಬಾಕಿ. ಆದರೆ ಗೆಲುವು ಕೈಯಲ್ಲಿರುವಾಗ ಯಾರಾದರೂ ಕಾಯುತ್ತಾರೆಯೇ? ಅವಳು ಒಳಗೆ ಮಾಸ್ಕ್ ಹಾಕಿ ಕೆಲಸದಲ್ಲಿದ್ದ ಹೊತ್ತು ನೋಡಿ, ಮೆಟ್ಟಿಲ ಬುಡದಲ್ಲಿ ನಿಂತು ನರ್ಸಮ್ಮನನ್ನು ಕರೆದೆ. "ಐದನ್ನೂ ಒಟ್ಟಿಗೆ ಹಚ್ಚಿಬಿಡಿ!" ಎಂದು ಬುಟ್ಟಿ ಕೊಟ್ಟು, ಎದುರಿನ ಪೇಪರ್ ಅಂಗಡಿಯ ನೆರಳಿನಲ್ಲಿ ನಿಂತು ಗಡಿಯಾರ ನೋಡಿದೆ.

ಎರಡೇ ನಿಮಿಷ! ಮೊದಲು ಕೆಳಗೆ ಬಂದವನು ಆರಡಿ ಎತ್ತರ, ಬರಿಗಾಲು; ಅದೇ ಲಾರಿ ಡ್ರೈವರ್. ಎರಡೂ ಕೈ ದವಡೆಯ ಮೇಲೆ. ಅವನ ಹಿಂದೆ ಒಬ್ಬ ನಿವೃತ್ತ ಹೆಡ್‌ಮೇಷ್ಟ್ರು, ನಾಲ್ಕು ಹೆಂಗಸರು, ಎಲ್ಲರ ಕೈಯೂ ದವಡೆಯ ಮೇಲೆ. ಕಟ್ಟುಹಲ್ಲಿನ ಒಬ್ಬ ಅಜ್ಜನೂ ದವಡೆ ಹಿಡಿದುಕೊಂಡು ಇಳಿದ. ಕೊನೆಗೆ ಫೋನು ಗುರ್ ಎಂದಿತು. "ರೀ, ಮೇಲೆ ಬನ್ನಿ."

ಹದಿನಾರು ವರ್ಷಗಳಲ್ಲಿ ಮೊದಲ ಸಲ ಮೆಟ್ಟಿಲು ಹತ್ತಿದೆ. ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ಹೆಂಡತಿಯ ಪರಿಮಳ. ಬಾಗಿಲಲ್ಲಿ ಅದೇ ಪರಿಮಳ. ಮೇಣದಬತ್ತಿಯೇ ಇಲ್ಲದ ಒಳಕೋಣೆಯಲ್ಲಿ, ಇಕ್ಕಳಗಳ ತಟ್ಟೆಯಲ್ಲಿ, ಹತ್ತಿಯ ಡಬ್ಬಿಯಲ್ಲಿಯೂ ಅದೇ! ಮಾತಿಗೆ ಮೊದಲೇ ನನಗೆ ಅರ್ಧ ಅರ್ಥವಾಯಿತು.

"ಏನು ಹಾಕಿದ್ರಿ ಇದಕ್ಕೆ?"

"ನಿನ್ನ ಸೆಂಟು."

"ಯಾವ ಸೆಂಟು?"

"ಬ್ಯಾಗಲ್ಲಿತ್ತಲ್ಲ, ಕಂದು ಸೀಸೆ..."

"ಅದು ಲವಂಗದೆಣ್ಣೆ ಕಣ್ರೀ! ಹಲ್ಲುನೋವಿಗೆ ಹಚ್ಚೋದು! ಯಾವ ವಾಸನೆ ಓಡ್ಸಿ ಅಂದ್ನೋ ಅದನ್ನೇ ಐದು ಲೋಟ ತುಂಬಿ ಕಳ್ಸಿದೀರಲ್ಲ!"

"ನನಗೇನು ಗೊತ್ತು? ಹದಿನಾರು ವರ್ಷದಿಂದ ಅದು ನಿನ್ನ ಪರಿಮಳ ಅಂದ್ಕೊಂಡಿದ್ದೆ," ಎಂದೆ. ಬೈಯಲು ಎತ್ತಿದ್ದ ಅವಳ ಬೆರಳು ಅರ್ಧಕ್ಕೇ ನಿಂತಿತು. ನನಗೆ ಸ್ವಲ್ಪ ಧೈರ್ಯ ಬಂತು. "ಅದ್ಸರಿ, ಕ್ಲಿನಿಕ್ಕಿನ ಎಣ್ಣೆ ನಿನ್ನ ಬ್ಯಾಗಲ್ಲಿ ಯಾಕಿತ್ತು?"

"ನಿಮಗೇ. ಇವತ್ತೋ ನಾಳೆಯೋ ನೋವು ತಡೀಲಾರ್ದೆ ಬಾಯಿ ಬಿಡ್ತೀರಿ ಅಂತ ನಾಲ್ಕು ವರ್ಷದಿಂದ ಹೊತ್ಕೊಂಡು ತಿರುಗ್ತಿದೀನಿ."

ನನಗೆ ನಾಚಿಕೆಯಾಯಿತು. ಅವಳ ಮೇಲೆ ಪ್ರೀತಿಯೂ ಉಕ್ಕಿತು. ಅದೇ ಹೊತ್ತಿಗೆ ಹಲ್ಲೂ ಚಳಕ್ ಎಂದಿತು. ಕೆನ್ನೆ ಒತ್ತಿಕೊಂಡದ್ದನ್ನು ಅವಳು ನೋಡಿಬಿಟ್ಟಳು.

"ಪಂದ್ಯ ಸೋತ್ರಿ. ಒಂದು ವಾರ ಮಾತ್ರೆ ತಗೊಳ್ಳಿ, ಊತ ಇಳೀಲಿ. ಹೊಸ ಕುರ್ಚಿ ಬಂದ ದಿನ ಮೊದಲ ಟೋಕನ್ ನಿಮ್ದೇ!"

ಹದಿನೈದನೇ ದಿನ ಬಂದೇಬಿಟ್ಟಿತು. ನಾನು ಕಾಯುವ ಕೋಣೆಯ ಹೊಸ ಕುರ್ಚಿಯಲ್ಲಿ ಕೂತೆ. ಬಾಗಿಲು ಎಷ್ಟು ಹೆಜ್ಜೆ ದೂರ ಎಂದು ಮನಸ್ಸಿನಲ್ಲೇ ಅಳೆದೆ, ಕಾಲು ಕುಣಿಸಿದೆ, ಒಂದೇ ಜಾಹೀರಾತನ್ನು ಹನ್ನೊಂದು ಸಲ ಓದಿದೆ. ಆಮೇಲೆ ನೋಡಿಕೊಂಡರೆ ಕಾಲು ತಾನಾಗಿಯೇ ನಿಂತಿತ್ತು. ಏನೋ ತಂಪು, ಏನೋ ಹಸಿರು ಪರಿಮಳ ಕೋಣೆಯಲ್ಲಿ ಹದವಾಗಿ ಹರಡಿಕೊಂಡಿತ್ತು. ಪಕ್ಕದಲ್ಲಿ ಲಾರಿ ಡ್ರೈವರ್ ಕಾಲು ಚಾಚಿ ಕೂತಿದ್ದ.

"ಏನೋ ಹಿತವಾಗಿದೆ ಅಲ್ವಾ ಸಾರ್? ಎದ್ದು ಹೋಗೋಕೇ ಮನಸ್ಸು ಬರ್ತಿಲ್ಲ," ಎಂದ.

ಮೂಲೆಯ ಮೇಜಿನ ಮೇಲೆ ಒಂದೇ ಒಂದು ಮೇಣದಬತ್ತಿ ಉರಿಯುತ್ತಿತ್ತು. ಲೋಟಕ್ಕೆ ಅಂಟಿಸಿದ್ದ ಚೀಟಿಯಲ್ಲಿ ನನ್ನ ಮಗಳ ದುಂಡು ಅಕ್ಷರ: "ಪ್ರಯೋಗ. ಅಪ್ಪ ಮುಟ್ಟಬಾರದು."

ನನ್ನ ಎದೆ ಉಬ್ಬಿತು. ಮೇಣ ಕರಗಿಸಿದ್ದು ಯಾರು? ಎಣ್ಣೆ ಹಾಕಿದ್ದು ಯಾರು? ಡ್ರೈವರಿಗೆ ಎಲ್ಲವನ್ನೂ ವಿವರಿಸಬೇಕೆಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಅವಳ ಕುರ್ಚಿಯಲ್ಲಿ ಮಲಗಿದ್ದಾಯಿತು. ದೀಪ ಹತ್ತಿತು. ಮಾತು ಕೊಟ್ಟದ್ದು ಮಲಗುವುದಕ್ಕೆ ಮಾತ್ರ, ಬಾಯಿ ತೆರೆಯುವುದಕ್ಕಲ್ಲ ಎಂದು ತುಟಿ ಬಿಗಿದೆ.

"ಬಾಯಿ ಬಿಡಿ."

"ಊಂಹೂಂ."

"ರೀ, ಮಗೂ ಥರ ಆಡ್ಬೇಡಿ."

"ಊಂಹೂಂ!"

ಆಗ ಡ್ರೈವರ್ ಬಾಗಿಲಲ್ಲಿ ತಲೆ ತೂರಿಸಿದ. "ಡಾಕ್ಟ್ರಮ್ಮಾ, ಹೊರಗಡೆ ಹಚ್ಚಿದೀರಲ್ಲ ಮೇಣದಬತ್ತಿ, ಯಾರು ಮಾಡಿದ್ದು? ನಮ್ಮನೆಗೂ ಒಂದು ಬೇಕಿತ್ತು."

ನನ್ನ ಹೆಂಡತಿ ಮಾಸ್ಕಿನ ಮೇಲಿನಿಂದ ನನ್ನನ್ನೊಮ್ಮೆ ನೋಡಿ, ನಿಧಾನವಾಗಿ ಹೇಳಿದಳು. "ಅಯ್ಯೋ, ಅದಾ? ಯಾರು ಮಾಡಿದ್ರೋ ಏನೋಪ್ಪ. ಅಂಗಡಿಯಿಂದ ತಂದಿದ್ದು."

ಅಂಗಡಿಯಿಂದ! ನನ್ನ ಮೇಣದಬತ್ತಿ! ಅಂಗಡಿಯಿಂದ!

"ನಾ..." ಎಂದು ನಾನು ಗರ್ಜಿಸಿದೆ.

"ಹಾಂ! ಆ ‘ನಾ’ ಹಾಗೇ ಇರಲಿ," ಎಂದು ಅವಳು ಬೆರಳು ಒಳಗೆ ಹಾಕಿದಳು. "‘ನೇ’ ಆಮೇಲೆ ಹೇಳೋರಂತೆ."