ಕಾಯಂ ಯುವ ಮುಖಂಡರು

ನಮ್ಮ ಸೋದರಮಾವನಿಗೆ ಮೂವತ್ತು ವರ್ಷದಿಂದ ವಯಸ್ಸೇ ಆಗಿಲ್ಲ. ನಂಬದಿದ್ದರೆ ಹಬ್ಬದ ದಿನ ಹರಿಹರದ ಯಾವುದಾದರೂ ಸರ್ಕಲ್ಲಿನಲ್ಲಿ ನಿಂತು ಫ್ಲೆಕ್ಸ್ ನೋಡಿ. ಶುಭ ಕೋರುವವರ ಕೊನೆಯ ಸಾಲಿನ ಎಡತುದಿಯಲ್ಲಿ ದಟ್ಟ ಮೀಸೆಯ ತರುಣನೊಬ್ಬ ಕೈಮುಗಿದು ನಿಂತಿರುತ್ತಾನೆ. ಅಡಿಯಲ್ಲಿ 'ಯುವ ಮುಖಂಡರು' ಎಂದಿರುತ್ತದೆ. ಫೋಟೋಕ್ಕೆ ಇಪ್ಪತ್ತಾರು, ಮಾವನಿಗೆ ಐವತ್ತೇಳು. ಇಬ್ಬರೂ ಒಂದೇ ಪಕ್ಷದವರು ಎನ್ನುವುದನ್ನು ಬಿಟ್ಟರೆ ಹೋಲಿಕೆ ಕಡಿಮೆ.

ಒಮ್ಮೆ ಯಾರದೋ ಪರವಾಗಿ ಮತ ಕೇಳಲು ಹೋದಾಗ ಒಬ್ಬಾಕೆ ಕರಪತ್ರ ನೋಡಿ, "ನಿಮ್ಮ ಮಗ ಥೇಟ್ ನಿಮ್ಮಂಗೇ ಅದಾನ್ರಿ. ಹೆಣ್ಣು ನೋಡ್ತಿದೀರೇನು?" ಎಂದಳು. ಮಾವ ಮನೆಗೆ ಬಂದು ಅತ್ತೆಯ ಮುಂದೆ ಗೊಣಗಿದ.

"ಆ ಫೋಟೋದಾಗಿನ ಹುಡುಗನ್ನ ನೋಡೇ ನಾನು ಒಪ್ಪಿದ್ದು. ಎಲ್ಲಿ ಹೋದನೋ, ನಾನೂ ಹುಡುಕ್ತಿದೀನಿ" ಎನ್ನುತ್ತಾ ಅತ್ತೆ ಮಂಡಕ್ಕಿಗೆ ಒಗ್ಗರಣೆ ಹಾಕಿದಳು.

ಪ್ರತಿ ಭಾನುವಾರ ಬೆಳಿಗ್ಗೆ ಮಾವನ ತಲೆಗೆ ಬಣ್ಣ. ಮುಂದಲೆ ಅವನದು, ಹಿಂದಲೆ ನನ್ನ ಪಾಲು. ನಾನು ಎಂ.ಎ. ಓದಿದ್ದು ಇದಕ್ಕೇ ಇರಬೇಕು ಎಂದು ಎಷ್ಟೋ ಸಲ ಅನ್ನಿಸಿದೆ.

ಹೀಗಿರುವಾಗ ನಗರಸಭೆ ಚುನಾವಣೆ ಬಂತು. ಪಕ್ಷದವರು ಈ ಸಲ ಯುವಕರಿಗೇ ಆದ್ಯತೆ ಎಂದರು. ಮಾವ ಅಂದೇ ಪೇಡೆ ಹಂಚಿದ. ಯುವಕರೆಂದರೆ ಬೇರೆ ಯಾರು? ಆದರೆ ನಮ್ಮ ವಾರ್ಡಿನಿಂದ ಇನ್ನೊಬ್ಬಳೂ ಟಿಕೆಟ್ ಕೇಳಿದಳು. ದರ್ಜಿಯ ಮಗಳು, ಇಪ್ಪತ್ನಾಲ್ಕು ವರ್ಷ, ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ವಾರ್ಡಿನ ಅರ್ಧ ಜನರ ಪಿಂಚಣಿ ಅರ್ಜಿ ತುಂಬಿದವಳು ಅವಳೇ. ನಲ್ಲಿಯಲ್ಲಿ ನೀರು ಬಾರದಿದ್ದರೆ ಜನ ಮೊದಲು ಅವಳಿಗೇ ಫೋನ್ ಮಾಡುತ್ತಿದ್ದರು.

ಮಾವ ಅಂಗಡಿಗೇ ಹೋಗಿ ಬುದ್ಧಿ ಹೇಳಿದ. "ನೋಡಮ್ಮ, ನೀನಿನ್ನೂ ಸಣ್ಣಾಕಿ."

"ಹೌದು ಅಂಕಲ್."

"ಅಂಕಲ್ ಅನ್ನಬ್ಯಾಡ. ಎಲ್ಲಾರೂ ನನಗೆ ಅಣ್ಣ ಅಂತಾರೆ."

"ನೀವು ನಮ್ಮಪ್ಪನ ಕ್ಲಾಸ್‌ಮೇಟ್ ಅಲ್ಲೇನ್ರಿ? ನಿಮಗೆ ಅಣ್ಣ ಅಂದ್ರೆ ನಮ್ಮಪ್ಪನಿಗೆ ಏನಂತ ಕರೀಲಿ?"

ಈ ಪ್ರಶ್ನೆಗೆ ಉತ್ತರವಾಗಿ ಮಾವ ಬೈಕ್ ರ್‍ಯಾಲಿ ಇಟ್ಟುಕೊಂಡ.

ಯುವಶಕ್ತಿ ಏನೆಂದು ದಾವಣಗೆರೆಯ ಯಜಮಾನರಿಗೆ ತೋರಿಸಬೇಕಿತ್ತು. ಜಿಲ್ಲೆಯ ಟಿಕೆಟ್‌ಗಳೆಲ್ಲ ಈ ಯಜಮಾನರ ಕೈಯಲ್ಲಿ. ಅವರಿಗೂ ಎಪ್ಪತ್ತು ದಾಟಿದೆ. ಹನ್ನೆರಡು ಬೈಕು ದಾವಣಗೆರೆಗೆ ಹೊರಟವು. ಸವಾರರಲ್ಲಿ ನಾಲ್ವರಿಗೆ ಬಿಪಿ, ಇಬ್ಬರಿಗೆ ಸಕ್ಕರೆ, ಒಬ್ಬನಿಗೆ ಮೊಮ್ಮಗಳನ್ನು ಮೂರೂವರೆಗೆ ಸ್ಕೂಲಿನಿಂದ ಕರೆತರುವ ಕೆಲಸ. ಮಾವನ ಹಿಂದೆ ಬಾವುಟ ಹಿಡಿದು ನಾನು. ಅದೇ ದಿನ ತನ್ನ ಅರ್ಜಿ ಕೊಡಲು ಹುಡುಗಿಯೂ ಸ್ಕೂಟಿಯಲ್ಲಿ ನಮ್ಮ ಹಿಂದೆಯೇ ಬರುತ್ತಿದ್ದಳು.

ದಾರಿಯಲ್ಲಿ ಬಾತಿ ಊರಿನ ಹತ್ತಿರ ರಸ್ತೆಯ ಅಂಚಿಗೆ ಮೆಕ್ಕೆಜೋಳ ಒಣಹಾಕಿದ್ದರು. ಅಲ್ಲಿ ನಾಲ್ಕು ಜನ ನಿಂತಿದ್ದನ್ನು ಕಂಡು ಮಾವ ಬೈಕಿನ ಮೇಲೆ ಎದ್ದು ನಿಂತು ಕೈ ಬೀಸಿದ. ಗಾಳಿಗೆ ನನ್ನ ಕೈಯಲ್ಲಿದ್ದ ಬಾವುಟ ಅವನ ಮುಖಕ್ಕೆ ಸುತ್ತಿಕೊಂಡಿತು. "ಅಳಿಯಾ, ಕಾಣ್ತಿಲ್ಲಲೇ" ಎಂದಿದ್ದು ಕೇಳಿತು. ಚಕ್ರ ಜೋಳದ ಮೇಲೆ ಹತ್ತಿತು. ಜೋಳದ ಕಾಳಿನ ಮೇಲೆ ಬ್ರೇಕ್ ಹಿಡಿಯುತ್ತದೆಯೇ? ಬೈಕು ಒಂದು ಕಡೆ ಹೋಯಿತು, ನಾವಿಬ್ಬರೂ ಜಾರಿ ರಸ್ತೆಯ ನಡುವೆ ಬಂದು ಬಿದ್ದೆವು.

ಎದುರಿಗೆ ಲಾರಿ.

ಅಲ್ಲಿಂದ ಮುಂದಿನದನ್ನು ನಾನು ದಿನವೂ ನೋಡುತ್ತೇನೆ. ಹಲ್ಲುಜ್ಜುವಾಗ, ಪೇಪರ್ ಓದುವಾಗ, ಬಸ್ಸಿನಲ್ಲಿ ಕೂತಾಗ. ಲಾರಿಯ ಮುಂದಿನ ಚಕ್ರಕ್ಕೆ ಕೆಂಪು ಬಣ್ಣ ಬಳಿದಿದ್ದರು. ಅದು ದೊಡ್ಡದಾಗುತ್ತಲೇ ಇತ್ತು. ನನ್ನ ಕಾಲು ಬೈಕಿನ ಅಡಿ ಸಿಕ್ಕಿರಲಿಲ್ಲ, ಎದ್ದು ಓಡಬಹುದಿತ್ತು. ಏಳಲಿಲ್ಲ. ಯಾಕೆಂದು ಇಂದಿಗೂ ತಿಳಿದಿಲ್ಲ. ಅಷ್ಟರಲ್ಲಿ ಸ್ಕೂಟಿಯನ್ನು ಬಿಸಾಡಿ ಆ ಹುಡುಗಿ ಓಡಿಬಂದು, ನಮಗೂ ಲಾರಿಗೂ ನಡುವೆ ಎರಡೂ ಕೈ ಚಾಚಿ ನಿಂತಳು. ಲಾರಿ ಕಿರುಚುತ್ತಾ ಬಂದು ಅವಳಿಂದ ಒಂದು ಮಾರು ದೂರದಲ್ಲಿ ನಿಂತಿತು. ಅವಳು ಕದಲಿರಲಿಲ್ಲ.

ಜೋಳ ಕಾಯುತ್ತಿದ್ದ ಹೆಂಗಸು ಓಡಿಬಂದು ಮಾವನನ್ನು ಎಬ್ಬಿಸಿದಳು. "ನಿಧಾನ ಅಜ್ಜಾ, ನಿಧಾನ. ಈ ವಯಸ್ಸಿನಾಗ ಇದೆಲ್ಲ ಬೇಕಿತ್ತಾ ನಿನಗೆ?"

ಮಾವ ತಿದ್ದಲಿಲ್ಲ. ಅವನ ಬಲಗೈ ಮುರಿದಿದೆ ಎಂದು ನನಗೆ ಆಗಲೇ ಖಾತ್ರಿಯಾಯಿತು.

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಸಂಜೆ ನೇರ ಯಜಮಾನರ ಮನೆಗೆ ಹೋದೆವು. ಹುಡುಗಿ ನಮಗಿಂತ ಮೊದಲೇ ಅರ್ಜಿ ಹಿಡಿದು ಅಲ್ಲಿ ಕೂತಿದ್ದಳು. ಯಜಮಾನರು ಮಾವನ ಕೈ ನೋಡಿ ಕರಗಿದರು.

"ಪಕ್ಷಕ್ಕಾಗಿ ಕೈ ಮುರ್ಕೊಂಡೀಯಲ್ಲಪ್ಪ. ಈ ಸಲ ಟಿಕೆಟ್ ನಿನಗೇ." ನಂತರ ಹುಡುಗಿಯ ಕಡೆ ತಿರುಗಿ, "ನಿನಗಿನ್ನೂ ವಯಸ್ಸೈತಮ್ಮ. ಮುಂದಿನ ಸಲ ನೋಡೋಣ" ಎಂದರು.

ಹುಡುಗಿ ಅರ್ಜಿಯನ್ನು ಮಡಚತೊಡಗಿದಳು. ಮಾವ ಕುಣಿಯಬೇಕಿತ್ತು. ಅವನು ಅವಳು ಕಾಗದ ಮಡಚುವುದನ್ನೇ ನೋಡುತ್ತಿದ್ದ.

"ಯಜಮಾನ್ರೇ, ನನಗೂ ಇಪ್ಪತ್ತಾರರಾಗ ಇದೇ ಮಾತು ಹೇಳಿದ್ರಿ. ಆಮೇಲೂ ಹೇಳಿದ್ರಿ. ಮುಂದಿನ ಸಲ, ಮುಂದಿನ ಸಲ ಅಂತ ಕಾದೂ ಕಾದೂ ನಾನು ಹುಡುಗನಾಗೇ ಉಳಿದುಬಿಟ್ಟೆ. ಈಕಿನ್ನ ಕಾಯಿಸಬ್ಯಾಡ್ರಿ."

ಯಜಮಾನರು ನಕ್ಕರು. ಮಾವ ನಗಲಿಲ್ಲ. ಕೊನೆಗೆ ಯಜಮಾನರೂ ನಗು ನಿಲ್ಲಿಸಿ, ಅವಳ ಅರ್ಜಿಗೆ ಕೈ ಚಾಚಿದರು.

ಹುಡುಗಿ ನಾಮಪತ್ರ ಸಲ್ಲಿಸುವ ದಿನ ಅವಳ ಸೂಚಕನಾಗಿ ಸಹಿ ಹಾಕಲು ಮಾವನೇ ಬಂದ. ಬಲಗೈ ಇನ್ನೂ ಪ್ಲಾಸ್ಟರಿನಲ್ಲಿತ್ತು. ಅಧಿಕಾರಿ ಸ್ಟ್ಯಾಂಪ್ ಪ್ಯಾಡ್ ಮುಂದಿಟ್ಟು, "ಹೆಬ್ಬೆಟ್ಟು ಒತ್ರಿ ಸಾಕು" ಎಂದರು.

"ಬ್ಯಾಡ್ರಿ" ಎಂದ ಮಾವ. "ಮೂವತ್ತು ವರ್ಷದಿಂದ ಈ ಕಾಗದದ ಮ್ಯಾಲೆ ನನ್ನ ಹೆಸರು ಬರೀಬೇಕು ಅಂತಿದ್ದೆ."

ಎಡಗೈಯಲ್ಲಿ ಪೆನ್ನು ಹಿಡಿದು, ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ಬರೆಯತೊಡಗಿದ. ಹಿಂದೆ ನಿಂತವರ ಸಾಲು ಬೆಳೆಯುತ್ತಿತ್ತು. ಹುಡುಗಿ ಕಾಗದ ಜಾರದಂತೆ ಎರಡೂ ಕೈಯಲ್ಲಿ ಒತ್ತಿ ಹಿಡಿದು ನಿಂತಿದ್ದಳು. ಯಾರೂ ಅವನಿಗೆ ಬೇಗ ಬರಿ ಎನ್ನಲಿಲ್ಲ.