ಡಾಂಬರು ತುಳಿಯದ ಡ್ರೈವರ್ ಕಾಕಾ

ನಮ್ಮ ಕಾಕಾನಿಗೆ ಮಸ್ಕಿಯಿಂದ ಸಿಂಧನೂರಿಗೆ ಹೋಗುವ ದಾರಿ ಗೊತ್ತಿಲ್ಲ! ಹೀಗೆಂದರೆ ನಮ್ಮ ಕಡೆಯವರು ಯಾರೂ ನಂಬುವುದಿಲ್ಲ. ಲಿಂಗಸುಗೂರು, ಮಸ್ಕಿ, ಸಿಂಧನೂರು ಎಂದು ಅದೇ ರಸ್ತೆಯಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿದವನು ಅವನೇ. ಯಾವ ತಗ್ಗಿಗೆ ಬ್ರೇಕು ಹಾಕಬೇಕು, ಯಾವ ಮುದುಕಿ ಕೈ ಮಾಡುವ ಮೊದಲೇ ಬಸ್ಸು ನಿಲ್ಲಿಸಬೇಕು ಎಲ್ಲವೂ ಅವನಿಗೆ ಬಾಯಿಪಾಠ. ಅಂಥವನು ನಿವೃತ್ತಿಯಾದ ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ, "ಆ ರಸ್ತಾ ನನಗ ಮರತು ಹೋತು," ಎಂದು ಘೋಷಿಸಿಬಿಟ್ಟ. ಅಂದಿನಿಂದ ಡಾಂಬರಿನ ಮೇಲೆ ಒಂದು ಚಕ್ರ ಉರುಳಿಸಿದ್ದರೆ ಕೇಳಿ!

ಇದಕ್ಕೆಲ್ಲ ಕಾರಣ ಒಂದು ವಿಡಿಯೋ ಎಂದು ನಾವು ತಿಳಿದಿದ್ದೆವು. ಮೊಬೈಲಿನಲ್ಲಿ ಅವನಿಗೆ ಎಲ್ಲಿಂದಲೋ ಫ್ರಾನ್ಸ್ ದೇಶ ಸಿಕ್ಕಿತ್ತು. ಅವನದೇ ವಯಸ್ಸಿನ ಗಂಡ ಹೆಂಡತಿ, ತಲೆಗೆ ಟೊಪ್ಪಿಗೆ, ತಲಾ ಒಂದು ಸೈಕಲ್ಲು. ಪಕ್ಕದಲ್ಲಿ ಹೊಳೆ, ಮೇಲೆ ಮರಗಳ ನೆರಳು, ಕೆಳಗೆ ಸಣ್ಣ ಕಲ್ಲು ಹರಡಿದ ಬೆಳ್ಳನೆಯ ಗರಸಿನ ದಾರಿ. ಮನೆಗೆ ಯಾರು ಬಂದರೂ ಕಾಕಾ ಅದನ್ನು ತೋರಿಸುತ್ತಿದ್ದ.

"ನೋಡ್ಕೋಂತ ಇರು. ಒಂದರ ಲಾರಿ ಬರ್ತೈತೇನು?"

ನಾವು ಹತ್ತು ನಿಮಿಷ ಉಸಿರು ಬಿಗಿಹಿಡಿದು ಲಾರಿಗಾಗಿ ಕಾದೆವು. ಬರಲಿಲ್ಲ.

"ಕಾಕಾ, ಅವರಿಗೆ ಕಾಡು ಐತಿ, ಹೊಳಿ ಐತಿ. ನಮಗ ಏನೈತಿ?" ಎಂದೆ.

"ನಮಗ ಜಾಲಿ ಐತಿ, ಕಾಲುವಿ ಐತಿ. ಕಮ್ಮಿ ಏನೈತಿ?"

ಫ್ರಾನ್ಸಿನ ಕಾಡಿಗೂ ನಮ್ಮ ಜಾಲಿಗೂ ಇರುವ ವ್ಯತ್ಯಾಸ ಏನೆಂದು ಕಾಕಾ ಕೊಂಡು ತಂದ ಸೈಕಲ್ಲಿನ ಟ್ಯೂಬನ್ನು ಕೇಳಬೇಕು! ಮಸ್ಕಿಯ ಸೈಕಲ್ ಅಂಗಡಿಯ ಚಾಚಾ ಮೊದಲ ತಿಂಗಳಲ್ಲೇ ಪಂಕ್ಚರು ಎಣಿಸುವುದನ್ನು ಬಿಟ್ಟ. ಅವನಿಗೆ ಇನ್ನೊಂದು ಸಂಕಟ ಬೇರೆ. ಕಾಕಾ ಹೊಸ ಸೈಕಲ್ಲಿನ ಗಂಟೆಯನ್ನು ಬಿಚ್ಚಿಸಿ ಅಂಗಡಿಯಲ್ಲೇ ಬಿಟ್ಟು ಬಂದಿದ್ದ.

"ಡ್ರೈವರ್ ಸಾಬ್, ಗಂಟಿ ಇಲ್ಲದ ಸೈಕಲ್ ಹೆಂಗ್ರಿ? ಎಮ್ಮಿ ಅಡ್ಡ ಬಂದ್ರ?"

"ಮೂವತ್ತು ವರ್ಷ ಹಾರನ್ ಹೊಡದೀನಿ ಚಾಚಾ. ಇನ್ನ ಬಾಯಿಲೆ ಹೇಳ್ತೀನಿ."

ನಿಜವಾಗಿಯೂ ಹೇಳುತ್ತಿದ್ದ! ಕಾಲುವೆಯ ದಂಡೆಯ ಮೇಲೆ ಎಮ್ಮೆಗಳು ಅಡ್ಡ ನಿಂತರೆ ಸೈಕಲ್ಲಿನಿಂದ ಇಳಿದು, "ಸ್ವಲ್ಪ ಸರಕೋರಿ," ಎನ್ನುತ್ತಿದ್ದ. ತನ್ನ ಬಸ್ಸಿನ ಪ್ರಯಾಣಿಕರಿಗೆ ಅವನು ಎಂದಾದರೂ 'ರಿ' ಹಚ್ಚಿದ್ದು ನನಗಂತೂ ನೆನಪಿಲ್ಲ.

ನಾನು ಲಿಂಗಸುಗೂರಿನಲ್ಲಿ ಶಾಲಾ ಮಾಸ್ತರ. ರಜೆಯ ದಿನ ಮಸ್ಕಿಗೆ ಹೋದರೆ ಈ ಹುಚ್ಚಿಗೆ ನಾನೂ ಸಿಕ್ಕಿಬೀಳುತ್ತಿದ್ದೆ. ಒಮ್ಮೆ ಗೊರೇಬಾಳದಲ್ಲಿ ನೆಂಟರ ಮದುವೆ. ಬಸ್ಸಿಗೆ ಹೋದರೆ ಅಕ್ಷತೆಗೆ ಮುಂಚೆ ಉಪ್ಪಿಟ್ಟನ್ನೂ ತಿನ್ನಬಹುದಿತ್ತು. ಕಾಕಾ ನನಗೂ ಒಂದು ಬಾಡಿಗೆ ಸೈಕಲ್ಲು ಕೊಡಿಸಿ ಕಾಲುವೆಯ ದಂಡೆ ಹಿಡಿಸಿದ. ದಂಡೆಗೆ ಡಾಂಬರು ರಸ್ತೆ ಅಡ್ಡ ಬಂದಲ್ಲಿ ಸೈಕಲ್ಲನ್ನು ಹೆಗಲಿಗೆ ಏರಿಸಿ, ಮುಖ ಆ ಕಡೆ ತಿರುಗಿಸಿಕೊಂಡು, ಮಡಿಯಲ್ಲಿರುವವರಂತೆ ನಾಲ್ಕೇ ಹೆಜ್ಜೆಯಲ್ಲಿ ದಾಟಿದ. ಅತ್ತಿತ್ತ ನೋಡದೆ ದಾಟುವ ಜನರನ್ನು ಮೂವತ್ತು ವರ್ಷ ಬೈದವನು ಇವನೇನಾ?

ಮುಂದೆ ಭತ್ತದ ಗದ್ದೆಯ ರೈತರಿಬ್ಬರು ನಮ್ಮನ್ನು ನೀರಾವರಿ ಇಲಾಖೆಯ ಸಾಹೇಬರೆಂದು ತಿಳಿದು ತಡೆದರು.

"ಸಾಹೇಬ್ರ, ನಮ್ಮ ಹೊಲಕ್ಕ ನೀರು ಯಾವಾಗ ಬರ್ತೈತ್ರಿ?"

ತುಂಬಿದ ಬಸ್ಸಿಗೆ ಕೈ ಮಾಡಿದವರಿಗೆ ಹೇಳುತ್ತಿದ್ದ ಹಳೆಯ ಮಾತೇ ಕಾಕಾನ ಬಾಯಿಂದ ಜಾರಿತು. "ಹಿಂದ ಬರಾಕತ್ತೈತಿ, ತಗೋ!"

ಅವರು ಕೈಮುಗಿದರು. ನಾನು ತಲೆ ತಗ್ಗಿಸಿ ಪೆಡಲು ತುಳಿದೆ. ಮದುವೆ ಮನೆ ಮುಟ್ಟಿದಾಗ ಮದುಮಕ್ಕಳು ಮಲಗಿದ್ದರು, ಅಡಿಗೆಯವರು ಪಾತ್ರೆ ತೊಳೆಯುತ್ತಿದ್ದರು.

ಮತ್ತೊಂದು ಭಾನುವಾರ ಕಾಕಾ ಎದುರು ದಿಕ್ಕು ಹಿಡಿದ. ಸ್ವಲ್ಪ ದೂರ ಕಾಲುವೆ, ಆಮೇಲೆ ಜೋಳ ತೊಗರಿ ಹೊಲಗಳ ನಡುವಿನ ಬಂಡಿ ದಾರಿ. ನನ್ನ ಸೈಕಲ್ಲನ್ನು ಒಂದು ಬೇವಿನ ಗಿಡಕ್ಕೆ ಆನಿಸಿ ನಿಲ್ಲಿಸಲು ಹೇಳಿ, "ನೀ ನನ್ನ ಹಿಂದ ಕೂಡು," ಎಂದ. ಕ್ಯಾರಿಯರಿನ ಮೇಲೆ ದಪ್ಪನೆಯ ಕೌದಿ ಮಡಿಚಿ ಕಟ್ಟಿದ್ದ. ಕೂತೆ. ಗರಸಿನ ಮೇಲೆ ಹತ್ತು ಮಾರು ಓಡಿಸಿ ಕೇಳಿದ:

"ಬಡೀತೇನು?"

"ಬೆನ್ನು ಮುರೀತು!"

"ನೀ ಎಂಬತ್ತು ಕಿಲೋ ಅದಿ. ಆಕಿ ಅಷ್ಟಿಲ್ಲ. ಆಕಿಗೆ ಇಷ್ಟು ಬಡಿಯಂಗಿಲ್ಲ."

"ಆಕಿ ಅಂದ್ರ ಯಾರು ಕಾಕಾ?"

ಕಾಕಾ ಸೈಕಲ್ಲು ನಿಲ್ಲಿಸಿದ. "ನಿಮ್ಮ ಚಿಗವ್ವ," ಎಂದ.

ನಮ್ಮ ಚಿಗವ್ವ, ಅಂದರೆ ಕಾಕಾನ ಹೆಂಡತಿಗೆ ಡೀಸೆಲ್ಲಿನ ವಾಸನೆ ಆಗುವುದಿಲ್ಲ. ಬಸ್ಸು, ಕಾರು, ಆಟೋ ಯಾವುದಾದರೂ ಅಷ್ಟೇ, ಹತ್ತಿದ ಗಳಿಗೆಯಲ್ಲೇ ಹೊಟ್ಟೆ ತೊಳಸುತ್ತದೆ. ಮಸ್ಕಿಯ ಬಸ್ ನಿಲ್ದಾಣದಲ್ಲಿ ಮಧ್ಯಾಹ್ನ ಮೂಗಿಗೆ ಸೆರಗು ಒತ್ತಿಕೊಂಡು ನಿಂತು, ಡ್ರೈವರಿನ ಕಿಟಕಿಗೆ ಬುತ್ತಿ ಏರಿಸಿ ಓಡಿಬರುತ್ತಿದ್ದಳು. ಅವಳಿಗೆ ಗಂಡನ ಬಸ್ಸೆಂದರೆ ಅಷ್ಟೇ. ಇದು ಮನೆಯವರಿಗೆಲ್ಲ ಗೊತ್ತಿದ್ದ ತಮಾಷೆ. ಗೊತ್ತಿಲ್ಲದ್ದನ್ನು ಕಾಕಾ ಅಂದು ಬೇವಿನ ಗಿಡದ ಕೆಳಗೆ ಮರಳಿ ಬಂದು ಹೇಳಿದ.

ಲಗ್ನವಾದ ಹೊಸದರಲ್ಲಿ ಚಿಗವ್ವ ಒಮ್ಮೆ ಆಸೆಪಟ್ಟು ಅವನ ಬಸ್ಸು ಹತ್ತಿದ್ದಳಂತೆ. ಹೊಸ ಸೀರೆ ಉಟ್ಟು ಡ್ರೈವರಿನ ಹಿಂದಿನ ಸೀಟಿನಲ್ಲೇ ಕೂತಿದ್ದಳಂತೆ. ಅರ್ಧ ದಾರಿಯಲ್ಲಿ ಸೀರೆಯ ಮೇಲೆಲ್ಲ ವಾಂತಿ. "ಡ್ರೈವರನ ಹೇಣ್ತಿಗೇ ಬಸ್ ಆಗಂಗಿಲ್ಲ ನೋಡ್ರೆಪಾ!" ಎಂದು ಯಾರೋ ಕೂಗಿದರು. ಇಡೀ ಬಸ್ಸು ನಕ್ಕಿತು.

"ಅವತ್ತ ನಾನೂ ನಕ್ಕೆ," ಎಂದ ಕಾಕಾ. "ಕನ್ನಡ್ಯಾಗ ಆಕಿ ನನ್ನ ನೋಡಿದ್ಲು. ಆಮ್ಯಾಲೆ ಇವತ್ತಿನ ತನಕ ಎಲ್ಲಿಗರ ಕರಕೊಂಡು ಹೋಗ್ರಿ ಅಂತ ಒಂದ್ ದಿನ ಕೇಳಿಲ್ಲ."

ನಾನು ಕ್ಯಾರಿಯರಿನ ಕೌದಿಯನ್ನು ಇನ್ನೊಂದು ಮಡಿಕೆ ಮಾಡಿ ಬಿಗಿದು ಕಟ್ಟಿದೆ.

ಚಿಗವ್ವನಿಗೆ ಇರುವವಳು ಒಬ್ಬಳೇ ಅಕ್ಕ, ಪಾಮನಕಲ್ಲೂರಿನಲ್ಲಿ. ವರ್ಷಕ್ಕೊಮ್ಮೆ ಆ ಅಕ್ಕನೇ ಮಸ್ಕಿಗೆ ಬಂದು ಹೋಗುತ್ತಿದ್ದಳು. ಕಳೆದ ವರ್ಷ ಅಂಗಳದಲ್ಲಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಹಾಸಿಗೆ ಬಿಟ್ಟಿಲ್ಲ. ಫೋನಿನಲ್ಲಿ ಅಕ್ಕನ ಮಾತು ಕೇಳಿ ಚಿಗವ್ವ ಒಲೆಯ ಮುಂದೆ ಕೂತು ಅಳುವುದನ್ನು ಕಾಕಾ ನೋಡಿದ್ದ. ಈ ದಾರಿ ಹಿಡಿದರೆ ಪಾಮನಕಲ್ಲೂರಿನ ತನಕ ಹೊಗೆ ಇಲ್ಲ, ಹಾರನ್ನಿಲ್ಲ. ಎಲ್ಲಿ ನೆರಳಿದೆ, ಎಲ್ಲಿ ಇಳಿದು ದೂಡಬೇಕು, ಯಾರ ಹೊಲದಲ್ಲಿ ಕುಡಿಯುವ ನೀರು ಸಿಗುತ್ತದೆ ಎಲ್ಲವನ್ನೂ ನೋಡಿಟ್ಟಿದ್ದ.

ಆ ಸಂಜೆ ನನ್ನ ಮುಂದೆಯೇ ಚಿಗವ್ವನಿಗೆ ಹೇಳಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೇ ಇಲ್ಲ.

"ಈ ವಯಸ್ಸಿನಾಗ ಕ್ಯಾರಿಯರ್ ಮ್ಯಾಲೆ ಕುಂದ್ರಲೇನು? ಮಂದಿ ನಗತಾರ."

"ಮಂದಿ ಇಲ್ಲದ ದಾರಿ ಹುಡುಕೀನಿ," ಎಂದ ಕಾಕಾ. "ಎಮ್ಮಿ ಅದಾವ. ಅವು ನಗಂಗಿಲ್ಲ. ನಾನೂ ನಗಂಗಿಲ್ಲ."

ಚಿಗವ್ವನ ಕೈ ನಿಂತಿತು. "ಅಕ್ಕಗ ಸಜ್ಜಿ ರೊಟ್ಟಿ ಸೇರತಾವ. ಬಿಸಿಲೇರೂದರಾಗ ಹೊಂಡಬೇಕು," ಎಂದಳು.

ಮುಂದಿನ ಭಾನುವಾರ ಬೆಳಿಗ್ಗೆ ಹೊರಟರು. ರೊಟ್ಟಿಯ ಗಂಟು ಹೊತ್ತು ನಾನು ಹಿಂದೆ. ಚಿಗವ್ವ ಮೊದಲು ಕ್ಯಾರಿಯರನ್ನು ಗಟ್ಟಿಯಾಗಿ ಹಿಡಿದಿದ್ದಳು. ಜೋಳದ ಹೊಲ ಬರುವಷ್ಟರಲ್ಲಿ ಆ ಕೈ ಕಾಕಾನ ಅಂಗಿ ಹಿಡಿದಿತ್ತು. ಏರು ಬಂದಲ್ಲಿ ಕಾಕಾ ಇಳಿದು, ಅವಳನ್ನು ಕೂರಿಸಿಕೊಂಡೇ ದೂಡಿದ. "ಇಳೀತೀನಿ ಬಿಡ್ರೀ," ಎಂದರೆ, "ಸುಮ್ನ ಕುಂದ್ರು," ಎಂದ. ನಾಲ್ಕು ಕಡೆ ನಿಂತರು, ಒಂದು ಕಡೆ ತೊಗರಿಕಾಯಿ ಸುಲಿದು ತಿಂದರು. ಚಿಗವ್ವನಿಗೆ ಹೊಟ್ಟೆ ತೊಳಸಲಿಲ್ಲ.

ಪಾಮನಕಲ್ಲೂರು ಮುಟ್ಟಿದಾಗ ಅಕ್ಕ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬಳೆಯ ಸದ್ದಿಗೆ ಹೊರಳಿದವಳು ನಂಬದೆ ತಂಗಿಯ ಮುಖ ಸವರಿ ನೋಡಿದಳು.

"ಬಸ್ಸಿನಾಗ ಕುಂದ್ರಲಾರದಾಕಿ, ಹೆಂಗ ಬಂದಿ ಬೇ?"

"ಇವರು ಕರಕೊಂಡು ಬಂದ್ರು ಅಕ್ಕ," ಎಂದಳು ಚಿಗವ್ವ.

ಕಟ್ಟೆಯ ಮೇಲೆ ಕೂತಿದ್ದ ಕಾಕಾನಿಗೂ ಅದು ಕೇಳಿಸಿತು. ಕೈಯಲ್ಲಿದ್ದ ನೀರಿನ ಚೊಂಬನ್ನು ಎತ್ತಿ ಬಹಳ ಹೊತ್ತು ಮುಖಕ್ಕೆ ಹಿಡಿದುಕೊಂಡೇ ಇದ್ದ. ಚೊಂಬಿನಲ್ಲಿ ನೀರು ಆಗಲೇ ಮುಗಿದಿತ್ತು.