ಗೋಣಿತಟ್ಟು ಹೊದ್ದ ಬಾಗಿಲು

ಅರ್ಥಶಾಸ್ತ್ರ ಓದಿದವನು ಮದುವೆಯಾಗಬಾರದು ಎಂದು ನಾನು ಹೇಳುವುದಿಲ್ಲ. ಆದರೆ ಆದ ಮೇಲೆ ಆ ಶಾಸ್ತ್ರವನ್ನು ಚಪ್ಪಲಿಯ ಜೊತೆಗೇ ಹೊರಗೆ ಬಿಟ್ಟು ಮನೆಯೊಳಗೆ ಬರಬೇಕು. ತರಗತಿಯಲ್ಲಿ ಎರಡು ದೇಶಗಳ ಸ್ಥಿತಿಗತಿ ಹೋಲಿಸಿ ಗಂಟೆಗಟ್ಟಲೆ ಮಾತಾಡಬಹುದು, ಆ ದೇಶದವರು ಯಾರೂ ಬಂದು ಕೊರಳಪಟ್ಟಿ ಹಿಡಿಯುವುದಿಲ್ಲ. ಮನೆಯಲ್ಲಿ ಇರುವುದು ಹೆಂಡತಿಯ ತವರು ಮತ್ತು ನಮ್ಮ ಮನೆ ಎಂಬ ಎರಡೇ ದೇಶ. ಅವನ್ನು ಹೋಲಿಸಿದ ದಿನ ಮಾತ್ರ ಸಾರಿಗೆ ಉಪ್ಪು ಬೀಳುವುದಿಲ್ಲ, ಅಥವಾ ಎರಡು ಸಲ ಬೀಳುತ್ತದೆ. ಇದೆಲ್ಲ ಚೆನ್ನಾಗಿ ಗೊತ್ತಿದ್ದೂ ನಾನು ಒಮ್ಮೆ ಆ ಹೋಲಿಕೆಯನ್ನು ಕಾಗದದ ಮೇಲೆ ಮಾಡಲು ಹೊರಟೆ. ಅದರ ಫಲವನ್ನು ಇಂದಿಗೂ, ಇಳಕಲ್ಲಿಗೆ ಹೋದಾಗಲೆಲ್ಲ, ಊಟದ ರೂಪದಲ್ಲಿ ಉಣ್ಣುತ್ತಿದ್ದೇನೆ.

ನಾವಿಬ್ಬರೂ ಮುಳುಗಡೆಯವರು. ಅಣೆಕಟ್ಟಿನ ಹಿನ್ನೀರು ಏರತೊಡಗಿದಾಗ ನಮ್ಮವರು ಹಳೆಯ ಬಾಗಲಕೋಟೆಯ ಓಣಿಗಳಿಂದ ಗಂಟುಮೂಟೆ ಕಟ್ಟಿಕೊಂಡು ನವನಗರಕ್ಕೆ ಬಂದರು. ನನ್ನ ಹೆಂಡತಿ ಗಿರಿಜಾಳ ತವರಿನವರು ನದಿಯ ದಂಡೆಯ ಹಳ್ಳಿಯೊಂದರಿಂದ ಎದ್ದು, ಬಸ್ಸಿನಲ್ಲಿ ಹೋದರೆ ನಮ್ಮಿಂದ ಅರ್ಧ ತಾಸಿನ ದಾರಿಯಲ್ಲಿರುವ ಪುನರ್ವಸತಿ ಕೇಂದ್ರಕ್ಕೆ ಬಂದರು. ಸರಕಾರದ ಕಣ್ಣಿಗೆ ಇಬ್ಬರೂ ಒಂದೇ, ಸಂತ್ರಸ್ತರು. ನಮ್ಮ ಅವ್ವನ ಕಣ್ಣಿಗೆ ಹಾಗಲ್ಲ. ಅವಳ ಪ್ರಕಾರ ನಾವು ಪೇಟೆಯಿಂದ ವಲಸೆ ಬಂದ ಮನೆತನಸ್ಥರು, ಅವರು ಹೊಳೆಯ ದಂಡೆಯಿಂದ ಎದ್ದು ಬಂದ ಮಂದಿ. ಇದಕ್ಕೆ ಅವಳ ಬಳಿ ಇದ್ದ ಸಾಕ್ಷಿ ನಮ್ಮ ಬಾಗಿಲು.

ಈ ಬಾಗಿಲಿನ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಹಳೆಯ ಊರು ಬಿಡುವಾಗ ಜನ ಮನೆ ಕೆಡವಿ ಕಂಬ, ತೊಲೆ, ಚೌಕಟ್ಟುಗಳನ್ನು ಬಿಚ್ಚಿ ತಂದರು. ಅಪ್ಪ ನಮ್ಮಜ್ಜನ ಕಾಲದ ಸಾಗವಾನಿಯ ಬಾಗಿಲನ್ನು ಚೌಕಟ್ಟಿನ ಸಮೇತ ತಂದ. ಹೂಬಳ್ಳಿ ಕೆತ್ತಿದ, ಹಿತ್ತಾಳೆಯ ಗುಬ್ಬಿ ಬಡಿದ ಬಾಗಿಲು. ನವನಗರದಲ್ಲಿ ನಮಗೆ ಸಿಕ್ಕ ಜಾಗ ಸಣ್ಣದು. ಗೌಂಡಿ ಒಮ್ಮೆ ಬಾಗಿಲನ್ನೂ ಒಮ್ಮೆ ಜಾಗವನ್ನೂ ನೋಡಿ, ಮನೆಗೆ ಬಾಗಿಲು ಕೂರಿಸಬೇಕೋ, ಬಾಗಿಲಿಗೆ ಮನೆ ಕಟ್ಟಬೇಕೋ ಎಂದು ಕೇಳಿದನಂತೆ. ಅಪ್ಪ ಎರಡನೆಯದನ್ನೇ ಮಾಡಿಸಿದ. ಬಾಗಿಲು ನೋಡಿದವರು ಒಳಗೆ ದೊಡ್ಡ ಪಡಸಾಲೆ ಇರಬೇಕೆಂದು ನಾಲ್ಕು ಹೆಜ್ಜೆ ಜೋರಾಗಿ ಇಟ್ಟರೆ ಹಿತ್ತಲಿನ ಬಚ್ಚಲಲ್ಲಿ ಇರುತ್ತಾರೆ. ಆದರೂ ಗಿರಿಜಾಳ ತವರಿನ ಮಾತು ಬಂದಾಗಲೆಲ್ಲ ಅವ್ವ ಆ ಬಾಗಿಲನ್ನು ಒಮ್ಮೆ ತೆರೆದು ಒಮ್ಮೆ ಮುಚ್ಚುತ್ತಿದ್ದಳು. ಅಷ್ಟೇ ಅವಳ ವಾದ. ಗಿರಿಜಾ ಒಳಗಿನಿಂದಲೇ, “ಬಾಗಲಾ ಹಿಂಡಿದ್ರ ಹಾಲ ಬರ್ತಾವೇನ್ರಿ? ನಮ್ಮಪ್ಪ ಊರ ಬಿಡುವಾಗ ಎಮ್ಮಿ ಹೊಡಕೊಂಡ ಬಂದಾನ” ಎನ್ನುತ್ತಿದ್ದಳು. ನಾನು ಆಗ ಉತ್ತರಪತ್ರಿಕೆ ತಿದ್ದುವವನಂತೆ ತಲೆ ತಗ್ಗಿಸುತ್ತಿದ್ದೆ, ಉತ್ತರಪತ್ರಿಕೆ ಇಲ್ಲದಾಗಲೂ.

ಹೀಗಿರುವಾಗ ಬಾದಾಮಿಯಲ್ಲಿ ಒಂದು ವಿಚಾರ ಸಂಕಿರಣ ಏರ್ಪಾಡಾಯಿತು. ವಲಸೆ ಬಂದ ಎರಡು ಸಮುದಾಯಗಳ ಆರ್ಥಿಕ ಸ್ಥಿತಿ ಹೋಲಿಸಿ ಪ್ರಬಂಧ ಓದಬೇಕೆಂದು ನನ್ನನ್ನು ಕೇಳಿದರು. ಎರಡೂ ಸಮುದಾಯಗಳು ಮನೆಯಲ್ಲೇ ಇರುವಾಗ ಬೇರೆ ಕಡೆ ಯಾಕೆ ಹೋಗಬೇಕು ಎಂದು ಹಿಗ್ಗಿ ಒಪ್ಪಿಕೊಂಡೆ. ಧಾರವಾಡದಲ್ಲಿ ನನಗೆ ಪಾಠ ಹೇಳಿದ್ದ ಗುರುಗಳು ತಾವೇ ಬಂದು ಮನೆಗಳನ್ನು ಕಣ್ಣಾರೆ ನೋಡುವುದಾಗಿ ತಿಳಿಸಿದರು. ಸುದ್ದಿ ಬಾಯಿಂದ ಬಾಯಿಗೆ ಹೋಗುತ್ತ ಬೆಳೆಯಿತು. ಧಾರವಾಡದಿಂದ ಸಾಹೇಬರು ಬರುತ್ತಾರಂತೆ, ಯಾರು ಹೆಚ್ಚು ಬಡವರೆಂದು ಬರೆದುಕೊಳ್ಳುತ್ತಾರಂತೆ, ಅವರಿಗೆ ಮಾತ್ರ ಸರಕಾರ ಇನ್ನೊಂದು ಪರಿಹಾರ ಕೊಡುತ್ತದಂತೆ. ಹಾಗೇನೂ ಇಲ್ಲವೆಂದು ನಾನು ಹೇಳಿದಷ್ಟೂ, ಮಾಸ್ತರ ಗುಟ್ಟು ಬಿಟ್ಟುಕೊಡುತ್ತಿಲ್ಲ ಎಂದು ಜನ ನಂಬಿದರು. ವರ್ಷಗಟ್ಟಲೆ ತಾವೇ ಶ್ರೀಮಂತರೆಂದು ಜಗಳಾಡಿದ ಎರಡೂ ಕಡೆಯವರು ಒಂದೇ ವಾರದಲ್ಲಿ ತಾವೇ ಬಡವರೆಂದು ಪಟ್ಟುಹಿಡಿದರು. ಅವ್ವ ಬಾಗಿಲು ತೆರೆದು ಮುಚ್ಚುವುದನ್ನು ನಿಲ್ಲಿಸಿದಳು. ಎಮ್ಮೆಯ ಮಾತನ್ನು ಗಿರಿಜಾ ಬಿಟ್ಟಳು. ಮನೆಯಲ್ಲಿ ಅಂಥ ಶಾಂತಿಯನ್ನು ನಾನು ಮದುವೆಯಾದ ಮೇಲೆ ಕಂಡಿರಲಿಲ್ಲ. ನನಗೆ ಆಗಲೇ ಭಯವಾಗಬೇಕಿತ್ತು.

ಅದೇ ದಿನಗಳಲ್ಲಿ ಗಿರಿಜಾಳ ತಂಗಿ ಕಸ್ತೂರಿಗೆ ಇಳಕಲ್ಲಿನಿಂದ ಒಂದು ಸಂಬಂಧ ಬಂದಿತ್ತು. ಸೀರೆ ವ್ಯಾಪಾರದ ಮನೆ. ಹುಡುಗನನ್ನು ಕಸ್ತೂರಿ ಹುನಗುಂದದ ಒಂದು ಮದುವೆಯಲ್ಲಿ ನೋಡಿದ್ದಳು. ನೋಡಿದ್ದಳು ಎಂದಷ್ಟೇ ಗಿರಿಜಾ ನನಗೆ ಹೇಳಿದಳು, ಆದರೆ ಹೇಳಿದ ರೀತಿಯಲ್ಲಿ ಉಳಿದದ್ದೂ ತಿಳಿಯಿತು. ಹಿಂದೆ ಬಂದ ಸಂಬಂಧಗಳು ಮುರಿದಿದ್ದವು. ಮುಳುಗಡೆಯ ಮಂದಿ, ಊರೇ ಇಲ್ಲದವರು, ನಾಳೆ ಹಬ್ಬಕ್ಕೆ ಸೊಸೆಯನ್ನು ಎಲ್ಲಿಗೆ ಕಳಿಸುವುದು ಎಂದು ಒಬ್ಬರು ಕೇಳಿದ್ದರಂತೆ. ಆ ಮಾತನ್ನು ಕಸ್ತೂರಿ ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಈ ಸಲವೂ ಮುರಿದರೆ ಇನ್ನು ಯಾರ ಮುಂದೆಯೂ ಬಂದು ಕೂರುವುದಿಲ್ಲ ಎಂದು ಅಕ್ಕನಿಗೆ ಹೇಳಿಬಿಟ್ಟಿದ್ದಳು. ಅವಳು ಸುಮ್ಮನೆ ಮಾತು ಆಡುವ ಹುಡುಗಿಯಲ್ಲ. ಆದ್ದರಿಂದ ಮನೆಯವರೆಲ್ಲ ಉಸಿರು ಬಿಗಿಹಿಡಿದು ಕಾಯುತ್ತಿದ್ದರು.

ಇಳಕಲ್ಲಿನವರು ಸೋಮವಾರ ಬರುವುದಾಗಿ ಹೇಳಿದ್ದರು. ಗುರುಗಳು ಅದಕ್ಕೆ ಮೊದಲಿನ ಶುಕ್ರವಾರ. ಶುಕ್ರವಾರ ಬಡವರಾಗಿ ಸೋಮವಾರದ ಹೊತ್ತಿಗೆ ಶ್ರೀಮಂತರಾಗಲು ಸಾಕಷ್ಟು ಸಮಯವಿದೆ ಎಂದು ಮಾವ ಲೆಕ್ಕ ಹಾಕಿದ್ದ. ಆದರೆ ನಮ್ಮ ಕಡೆ ಹೆಣ್ಣು ನೋಡುವವರ ಒಂದು ಪದ್ಧತಿ ಇದೆ. ಹೇಳಿದ ದಿನಕ್ಕೆ ಬರುವುದಿಲ್ಲ. ಯಾವುದೋ ದೇವರ ನೆಪ ಮಾಡಿ ಮೊದಲೇ ಬರುತ್ತಾರೆ. ಬಂದವರು ನೇರವಾಗಿ ಹೆಣ್ಣಿನ ಮನೆಗೂ ಹೋಗುವುದಿಲ್ಲ. ಮನೆಗೆ ಹಿರಿಯ ಅಳಿಯನಿದ್ದರೆ ಮೊದಲು ಅವನ ಮನೆ ನೋಡುತ್ತಾರೆ. ಒಬ್ಬ ಅಳಿಯನನ್ನು ಹೇಗೆ ಇಟ್ಟುಕೊಂಡಿದ್ದಾರೆಂದು ಕಂಡರೆ ಎರಡನೆಯವನ ಪಾಡು ತಿಳಿಯುತ್ತದಲ್ಲ. ಈ ಪದ್ಧತಿ ನಮಗೆಲ್ಲ ಗೊತ್ತಿತ್ತು. ಬಡತನದ ಸಿದ್ಧತೆಯ ಗದ್ದಲದಲ್ಲಿ ಯಾರಿಗೂ ನೆನಪಾಗಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾನು, ಗಿರಿಜಾ ಬಸ್ ನಿಲ್ದಾಣದಲ್ಲೇ ಗುರುಗಳನ್ನು ಕೂಡಿಕೊಂಡು ಮೊದಲು ಮಾವನ ಮನೆಗೆ ಹೋದೆವು. ಮಧ್ಯಾಹ್ನ ನಮ್ಮ ಮನೆ ನೋಡುವುದೆಂದು ಮಾತಾಗಿತ್ತು. ಮಾವನ ಪಡಸಾಲೆಗೆ ಕಾಲಿಟ್ಟವನು ಮನೆ ತಪ್ಪಿದೆನೇನೋ ಎಂದುಕೊಂಡೆ. ಟಿ.ವಿ. ಇಲ್ಲ, ಮಂಚವಿಲ್ಲ, ಕಬ್ಬಿಣದ ಕಪಾಟಿಲ್ಲ. ಹಿತ್ತಾಳೆಯ ಕೊಡಗಳ ಸಾಲು ಇದ್ದಲ್ಲಿ ಒಂದು ಪ್ಲಾಸ್ಟಿಕ್ ಬಕೀಟು. ಅಂಚು ಹರಿದ ಜಮಖಾನೆಯ ಮೇಲೆ ಮಾವ ತೂತುಬಿದ್ದ ಬನಿಯನ್ನಿನಲ್ಲಿ ಕೂತಿದ್ದ. ದನಕರು ಏನಾದರೂ ಇವೆಯೇ ಎಂದು ಗುರುಗಳು ಕೇಳಿದಾಗ ಮಾವ ಏನೂ ಇಲ್ಲವೆಂದು ಹೇಳಿ ಕೈ ಅಲ್ಲಾಡಿಸಿದ. ಅದೇ ಹೊತ್ತಿಗೆ ಪಕ್ಕದ ಮನೆಯ ಹಿತ್ತಲಿನಿಂದ ಅವನ ಎಮ್ಮೆ ಅವನ ದನಿ ಗುರುತು ಹಿಡಿದು ಕೂಗಿತು. ಗುರುಗಳು ಬರೆಯುವುದನ್ನು ನಿಲ್ಲಿಸಿ ಕಿವಿಗೊಟ್ಟರು. ಮಾವ ಕೆಮ್ಮಿದ, ಎಮ್ಮೆ ಇನ್ನೂ ಜೋರಾಗಿ ಕೂಗಿತು.

ನನಗೆ ನಗು ಬರುವುದರಲ್ಲಿತ್ತು, ಅತ್ತೆಯನ್ನು ನೋಡಿ ನಿಂತುಹೋಯಿತು. ಅತ್ತೆ ಗೋಡೆಗೆ ಒರಗಿ ಕೂತು ಖಾಲಿ ಪಡಸಾಲೆಯನ್ನು ನೋಡುತ್ತಿದ್ದಳು. ಕಣ್ಣಲ್ಲಿ ನೀರಿತ್ತು. ನಾಟಕ ಅತಿಯಾಯಿತೆಂದು ಮಾವ ಸನ್ನೆ ಮಾಡಿದ. ಅವಳು ಅವನ ಕಡೆ ತಿರುಗಲಿಲ್ಲ. “ಊರ ಬಿಟ್ಟ ಬಂದ ದಿನಾ ಹಿಂಗ ಇತ್ತ ನೋಡ ಗಿರಿಜಾ. ಹಿಂಗ ಗ್ವಾಡಿಗಿ ಕುಂತಿದ್ದೆ. ಮತ್ತ ಹಿಂಗ ನೋಡಬೇಕಾಗತೈತಿ ಅಂದ್ಕೊಂಡಿರಲಿಲ್ಲ” ಎಂದಳು. ಗಿರಿಜಾ ಹೋಗಿ ಅವಳ ಪಕ್ಕ ಕೂತಳು. ನನಗೆ ನನ್ನ ಪ್ರಬಂಧದ ಮೇಲೆ, ನನ್ನ ಮೇಲೆ ಬಹಳ ಸಿಟ್ಟು ಬಂತು.

ಆಗ ಹೊರಗೆ ಜೀಪು ನಿಂತ ಸದ್ದಾಯಿತು. ಕಿಟಕಿಯಿಂದ ಇಣುಕಿದ ಕಸ್ತೂರಿ ಹಿಂದೆ ಸರಿದಳು. ಅವಳ ಮುಖ ನೋಡಿಯೇ ಬಂದವರು ಯಾರೆಂದು ನಮಗೆಲ್ಲ ತಿಳಿಯಿತು. ಹುಡುಗನ ತಂದೆ ವಿರೂಪಾಕ್ಷಪ್ಪ ಮೊದಲು ಒಳಗೆ ಬಂದರು. ಮಡಿಕೆ ಮುರಿಯದ ಧೋತರ, ಹಣೆಯ ತುಂಬ ವಿಭೂತಿ. ಹಿಂದೆ ಅವರ ಹೆಂಡತಿ, ಆಮೇಲೆ ಹುಡುಗ. ಕೂಡಲಸಂಗಮಕ್ಕೆ ಬಂದಿದ್ದೆವು, ಹಾಗೇ ಇತ್ತ ಬಂದೆವು ಎಂದರು. ಮಾವ ಎದ್ದು ನಿಂತು ಬನಿಯನ್ನಿನ ತೂತಿನ ಮೇಲೆ ಕೈ ಇಟ್ಟುಕೊಂಡ. ಕೂರಿಸಲು ಒಂದು ಕುರ್ಚಿಯೂ ಇರಲಿಲ್ಲ. ಇಳಕಲ್ಲಿನ ಸೀರೆ ವ್ಯಾಪಾರಸ್ಥರು, ಧಾರವಾಡದ ಪ್ರಾಧ್ಯಾಪಕರು, ನಾನು, ಎಲ್ಲರೂ ಆ ಹರಿದ ಜಮಖಾನೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತೆವು.

ವಿರೂಪಾಕ್ಷಪ್ಪ ಖಾಲಿ ಗೋಡೆಗಳನ್ನು ಒಂದೊಂದಾಗಿ ನೋಡಿದರು. ಎಲ್ಲ ಇದೆ, ಬಚ್ಚಿಟ್ಟಿದ್ದಾರೆ ಎಂದರೆ ಗುರುಗಳ ಮುಂದೆ ಮಾವ ಸುಳ್ಳುಗಾರ, ಮೇಲಾಗಿ ಸುಳ್ಳುಗಾರರ ಮನೆಯ ಹೆಣ್ಣನ್ನು ಯಾರು ತರುತ್ತಾರೆ? ಏನೂ ಇಲ್ಲ ಎಂದರೆ ಹಿಂದಿನ ಸಂಬಂಧಗಳ ದಾರಿಯಲ್ಲೇ ಇದೂ ಹೋಗುತ್ತದೆ. ಅಡುಗೆಮನೆಯ ಬಾಗಿಲಲ್ಲಿ ಚಹದ ತಟ್ಟೆ ಹಿಡಿದು ಕಸ್ತೂರಿ ನಿಂತಿದ್ದಳು. ಕಪ್ಪುಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಏನಾದರೂ ಹೇಳ್ರಿ ಎನ್ನುವಂತೆ ಗಿರಿಜಾ ನನ್ನನ್ನು ನೋಡಿದಳು. ನಾನು ಜಮಖಾನೆಯ ಹರಿದ ಅಂಚನ್ನು ಮಡಿಚಿ ಕೆಳಗೆ ಸೇರಿಸತೊಡಗಿದೆ.

ಕಡೆಗೆ ವಿರೂಪಾಕ್ಷಪ್ಪನವರೇ ಬಾಯಿಬಿಟ್ಟರು. “ಬೀಗರ, ಏನೂ ಹೇಳಬ್ಯಾಡ್ರಿ. ನಮಗ ಎಲ್ಲಾ ತಿಳದೈತಿ. ನಿಮ್ಮ ಹಿರೇ ಅಳಿಯನ ಮನಿಗಿ ಹೋಗೇ ಬಂದಿವಿ.”

ಮಾವನ ಕೈ ತೂತಿನಿಂದ ಜಾರಿತು. ಆಮೇಲೆ ಅವರು ಹೇಳಿದ್ದನ್ನು, ನಾನು ಸಂಜೆ ಅವ್ವನಿಂದ ತಿಳಿದದ್ದರ ಜೊತೆ ಸೇರಿಸಿ ಹೇಳುತ್ತೇನೆ. ನಾವು ಹೊರಟ ಮೇಲೆ ಅವ್ವ ತನ್ನ ಬಡತನದ ಏರ್ಪಾಡು ಶುರುಮಾಡಿದಳು. ಪಾತ್ರೆಪಗಡೆ ಅಟ್ಟ ಸೇರಿದವು. ಬಾಗಿಲನ್ನು ಮಾತ್ರ ಎಲ್ಲಿಯೂ ಬಚ್ಚಿಡುವಂತಿರಲಿಲ್ಲ. ಅದಕ್ಕೆ ಮೇಲಿನಿಂದ ಕೆಳಗಿನವರೆಗೆ ಗೋಣಿತಟ್ಟು ಹೊದಿಸಿ, ಎದುರಿಗೆ ಯಾರದೋ ಆಡು ತಂದು ಕಟ್ಟಿದಳು. ಜೀಪು ಬಂದು ನಿಂತಾಗ ಧಾರವಾಡದ ಸಾಹೇಬರೇ ಮೊದಲು ನಮ್ಮಲ್ಲಿಗೆ ಬಂದರೆಂದು ತಿಳಿದಳು. ಇಳಕಲ್ಲಿನವರನ್ನು ಅವಳು ನೋಡಿರಲೇ ಇಲ್ಲ. ಅವರು, ಮಾಸ್ತರರ ಮನೆಯ ಪರಿಸ್ಥಿತಿ ಹೇಗೆ ಎಂದು ಮೆಲ್ಲಗೆ ಕೇಳಿದ್ದೇ ತಡ, ಇವಳು ವಾರವಿಡೀ ಮನಸ್ಸಿನಲ್ಲಿ ಉರು ಹೊಡೆದದ್ದನ್ನೆಲ್ಲ ಹೇಳಿಬಿಟ್ಟಳು.

“ನಿಮ್ಮವ್ವಾರ ಕಣ್ಣೀರ ಹಾಕಿದ್ರು” ಎಂದು ವಿರೂಪಾಕ್ಷಪ್ಪ ನನ್ನ ಕಡೆ ತಿರುಗಿದರು. “ಮಗಗ ನೌಕರಿ ಐತಿ ಅನ್ನೋದ ಹೆಸರಿಗಷ್ಟ, ಸೊಸಿ ತವರಮನ್ಯಾರು ಜ್ವಾಳಾ ಕಳಸ್ತಾರಂತ ಎರಡ ಹೊತ್ತ ಉಣ್ತೀವಿ ಅಂದ್ರು. ಬಾಗಲಕ್ಕ ಗೋಣಿತಟ್ಟ ಕಟ್ಟೀರಿ. ನಮಗ ಕರಳ ಚುರ್ ಅಂತು.” ಮತ್ತೆ ಮಾವನ ಕಡೆ ನೋಡಿದರು. “ಈಗ ಇಲ್ಲಿ ಬಂದ ನೋಡಿದ್ರ ಮನಿ ಬರೇ ನೆಲಾ. ಅಳಿಯನ ಸಲುವಾಗಿ ಕೊಡಾ ಕಪಾಟ ಸುದ್ದಾ ಇಡದ ಮಾರಿ ಕೊಟ್ಟ ಕುಂತೀರಿ. ಇಂಥಾ ಬೀಗರ ಎಲ್ಲಿ ಸಿಗತಾರ? ನಮಗ ನಿಮ್ಮದೇನೂ ಬ್ಯಾಡ. ಹುಡುಗೀನ ಕೊಡ್ರಿ, ಸಾಕು.”

ಗುರುಗಳು ನನ್ನನ್ನೇ ನೋಡುತ್ತಿದ್ದರು. ತಮ್ಮ ಮೆಚ್ಚಿನ ಶಿಷ್ಯ, ಸರಕಾರದ ಸಂಬಳ ಎಣಿಸುವವನು, ಮಾವನ ಮನೆಯನ್ನು ಗುಡಿಸಿ ತಿಂದಿದ್ದಾನೆ. ಅಲ್ಲ ಸರ್ ಎನ್ನಲು ಬಾಯಿ ತೆರೆದೆ. ಕಸ್ತೂರಿ ಕಣ್ಣಿಗೆ ಬಿದ್ದಳು. ತಟ್ಟೆಯ ಕಪ್ಪುಗಳ ಸದ್ದು ನಿಂತಿತ್ತು. ಹುಡುಗನೂ ಅವಳನ್ನೇ ನೋಡುತ್ತಿದ್ದ. ನಾನು ಬಾಯಿ ಮುಚ್ಚಿ, ತಲೆ ತಗ್ಗಿಸಿ, “ಹೌದ್ರಿ. ಮಾವನವ್ರ ಅದಾರಂತ ಬದುಕೀನಿ” ಎಂದೆ. ಇದನ್ನು ಕೇಳಿ ಮಾವ ನಿಜವಾಗಿಯೂ ಅತ್ತ. ಎಮ್ಮೆ ಪಕ್ಕದ ಹಿತ್ತಲಿನಿಂದ ಇನ್ನೊಮ್ಮೆ ಕೂಗಿತು. ಈ ಸಲ ಯಾರೂ ಕಿವಿಗೊಡಲಿಲ್ಲ.

ಮದುವೆ ಚೆನ್ನಾಗಿಯೇ ಆಯಿತು. ಆ ಹೊತ್ತಿಗೆ ಮಾವನ ಮನೆಯಲ್ಲಿ ಕಪಾಟು, ಕೊಡ, ಮಂಚ ಒಂದೊಂದಾಗಿ ಮರಳಿ ಬಂದಿದ್ದವು. ಅಳಿಯ ಸುಧಾರಿಸಿ ತಿರುಗಿ ಕೊಡುತ್ತಿದ್ದಾನೆಂದು ಇಳಕಲ್ಲಿನವರು ತಿಳಿದು ನನ್ನನ್ನು ಇನ್ನಷ್ಟು ಮರುಗಿ ನೋಡಿದರು. ಬಾದಾಮಿಯ ಸಂಕಿರಣಕ್ಕೆ ನಾನು ಹೋಗಲಿಲ್ಲ, ಜ್ವರ ಎಂದು ಹೇಳಿಕಳಿಸಿದೆ. ಎರಡು ಸಮುದಾಯಗಳಲ್ಲಿ ಯಾವುದು ಉತ್ತಮ ಸ್ಥಿತಿಯಲ್ಲಿದೆ ಎಂಬ ಪ್ರಶ್ನೆಯನ್ನು ಹೇಗಿದ್ದರೂ ನಮ್ಮ ಅವ್ವನೇ ಬಗೆಹರಿಸಿಬಿಟ್ಟಿದ್ದಳು, ಅದೂ ಸಾಕ್ಷಿಗಳ ಮುಂದೆ. ಗೋಣಿತಟ್ಟು ಬಿಚ್ಚಿದ ಮೇಲೂ ಅವಳು ಬಾಗಿಲನ್ನು ಸದ್ದಾಗದಂತೆ ಮುಚ್ಚುತ್ತಾಳೆ. ಗಿರಿಜಾಗೆ ಈಗ ವಾದ ಮಾಡುವ ಅಗತ್ಯವೇ ಇಲ್ಲ. ತವರಿನಿಂದ ಜೋಳದ ಚೀಲ ಬಂದ ದಿನ ಅದನ್ನು ಬಾಗಿಲ ಹತ್ತಿರವೇ ಸ್ವಲ್ಪ ಹೊತ್ತು ಇಟ್ಟಿರುತ್ತಾಳೆ, ಅಷ್ಟೇ.

ಇಳಕಲ್ಲಿಗೆ ಹೋದಾಗ ವಿರೂಪಾಕ್ಷಪ್ಪ ನನ್ನನ್ನು ತಮ್ಮ ಪಕ್ಕದಲ್ಲೇ ಊಟಕ್ಕೆ ಕೂರಿಸಿಕೊಳ್ಳುತ್ತಾರೆ. ಹೋಳಿಗೆಯ ಮೇಲೆ ಹೋಳಿಗೆ ಬೀಳುತ್ತದೆ. ಹೊರಡುವಾಗ ಬಸ್ ನಿಲ್ದಾಣದವರೆಗೆ ಬಂದು, ಯಾರೂ ನೋಡದಂತೆ ಎಣ್ಣೆಗಾಯಿ, ಕಟಕರೊಟ್ಟಿ, ಶೇಂಗಾ ಚಟ್ನಿಯ ಗಂಟೊಂದನ್ನು ಕೈಗೆ ತುರುಕಿ, ಅವ್ವಗೂ ಇರಲಿ ಎನ್ನುತ್ತಾರೆ. ನಾನು ದೀನನಾಗಿ ಇಸಿದುಕೊಳ್ಳುತ್ತೇನೆ. ಬೇಡ ಎಂದರೆ ಕಸ್ತೂರಿಯ ಸಂಸಾರದ ಬುನಾದಿಯೇ ಅಲುಗೀತು ಎಂಬ ಒಂದೇ ಕಾರಣಕ್ಕೆ ಎಂದು ಗಿರಿಜಾಗೆ ಹೇಳಿದ್ದೇನೆ. ಹಾಗಿದ್ದರೆ ತಿಂಗಳಿಗೆರಡು ಸಲ ಇಳಕಲ್ಲಿಗೆ ಏನು ಕೆಲಸ ಎಂದು ಅವಳು ಕೇಳುತ್ತಾಳೆ.